ಫೋಟೊ ಫ್ರೇಮ್ ಕೊಳ್ಳುವ ಮುಂಚೆ ನಿಮ್ಮದೇ ಫೋಟೊ ಹಾಕಿಸಿ ನೋಡಿರಿ

ಮಾನ್ಯ ಸಂಪಾದಕರೆ,

ಈ ಸಲ ದೀಪಾವಳಿ ಹೊತ್ತಿಗೆ ಬಂದ ಜಾಹೀರಾತುಗಳಲ್ಲಿ ಮಿಕ್ಸರ್, ವಾಷಿಂಗ್ ಮಷಿನ್‌ಗಳ ಪಕ್ಕ ಡಿಜಿಟಲ್ ಫೋಟೊ ಫ್ರೇಮ್ ಎಂಬುದೂ, ಅಂದರೆ ಫೋಟೊಗಳನ್ನು ಒಂದಾದ ಮೇಲೊಂದು ತೋರಿಸುವ ಸಣ್ಣ ಟಿವಿಯಂಥ ಪರದೆಯೂ ಜಾಗ ಹಿಡಿದಿತ್ತು. ನೆನಪು, ಪ್ರೀತಿ, ಕುಟುಂಬ ಅಂತ ದೊಡ್ಡ ದೊಡ್ಡ ಮಾತು ಇದ್ದವೇ ಹೊರತು, ಇಂಟರ್ನೆಟ್ ಇಲ್ಲದಿದ್ದರೆ ಅದು ನಡೆಯುತ್ತದೋ ಇಲ್ಲವೋ, ಉದ್ದನೆಯ ಫೋಟೊ ಹಾಕಿದರೆ ಪೂರ್ತಿ ಕಾಣುತ್ತದೋ ಇಲ್ಲವೋ ಎಂಬ ಒಂದು ಸಾಲೂ ಇರಲಿಲ್ಲ. ಅಂಥದೊಂದು ಫ್ರೇಮು ಕೆಲವು ತಿಂಗಳಿಂದ ನಮ್ಮ ಪಡಸಾಲೆಯಲ್ಲಿದೆ. ಪುಣೆಯಲ್ಲಿರುವ ಮಗ ಕಳಿಸಿದ್ದು. ನಾನು ಹಳೆ ಬಾಗಲಕೋಟೆಯಲ್ಲಿ ಬಹಳ ವರ್ಷ ಫೋಟೊ ಸ್ಟುಡಿಯೊ ನಡೆಸಿ, ಮುಳುಗಡೆಯಾದ ಮೇಲೆ ನವನಗರಕ್ಕೆ ಬಂದು ಇಲ್ಲಿಯೂ ಅಂಗಡಿ ಹಾಕಿ, ಕಡೆಗೆ ಎಲ್ಲರ ಕೈಯಲ್ಲೂ ಮೊಬೈಲ್ ಬಂದು ಬಾಗಿಲು ಹಾಕಿದವ. ಹೀಗಾಗಿ ಫೋಟೊ ತೋರಿಸುವ ವಸ್ತು ಮನೆಗೆ ಬಂತೆಂದರೆ ಅದನ್ನು ಸುಮ್ಮನೆ ಮೇಜಿನ ಮೇಲಿಟ್ಟು ಕೂಡ್ರುವ ಸ್ವಭಾವ ನನ್ನದಲ್ಲ. ಕೊಳ್ಳಬೇಕೆಂದಿರುವವರಿಗೆ ಉಪಯೋಗವಾದೀತು ಅಂತ ಕಂಡದ್ದನ್ನು ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಕತ್ತರಿ ಹಾಕುವುದಾದರೆ ಧಾರಾಳವಾಗಿ ಹಾಕಿರಿ, ಆದರೆ ಆ ಫ್ರೇಮು ಮಾಡಿದಂತೆ ತಲೆ ಮತ್ತು ಕಾಲು ಮಾತ್ರ ಕತ್ತರಿಸಬೇಡಿರಿ.

ಯಾಕೆಂದರೆ ಅದು ಮಾಡಿದ ಮೊದಲ ಕೆಲಸವೇ ಅದು. ಇದರ ಪರದೆ 10.1 ಇಂಚಿನದು, ಅಡ್ಡಕ್ಕೆ 1280 ಚುಕ್ಕಿ (ಪಿಕ್ಸೆಲ್), ಎತ್ತರಕ್ಕೆ 800. ಅಂದರೆ ಅಗಲ 16 ಪಾಲು, ಎತ್ತರ 10 ಪಾಲು. ಮೊಬೈಲಿನ ಫೋಟೊ ಸಾಮಾನ್ಯವಾಗಿ 4ಕ್ಕೆ 3 ಇರುತ್ತದೆ, ಮದುವೆ ಫೋಟೊದವರ ದೊಡ್ಡ ಕ್ಯಾಮೆರಾದ್ದು 3ಕ್ಕೆ 2. ನನ್ನ ಹಳೆ ಯಾಶಿಕಾ ಕ್ಯಾಮೆರಾದ್ದಂತೂ ಸರಿಚೌಕ: 120 ನಂಬರಿನ ಫಿಲ್ಮ್ ರೋಲಿಗೆ 12 ಫೋಟೊ, ಒಂದೊಂದು ನೆಗೆಟಿವ್ ಆರು ಸೆಂಟಿಮೀಟರಿಗೆ ಆರು. ಇವುಗಳಲ್ಲಿ ಯಾವುದೂ ಆ ಪರದೆಗೆ ತಾಳೆಯಾಗುವುದಿಲ್ಲ. ಆಗ ಯಂತ್ರದ ಮುಂದೆ ಎರಡೇ ದಾರಿ. ಅಕ್ಕಪಕ್ಕ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ಫೋಟೊ ತೋರಿಸುವುದು ಒಂದು, ಪರದೆ ತುಂಬುವ ಹಾಗೆ ಹಿಗ್ಗಿಸಿ ಮಿಕ್ಕಿದ್ದನ್ನು ಕತ್ತರಿಸುವುದು ಇನ್ನೊಂದು. ಕಪ್ಪು ಪಟ್ಟಿ ಕಂಡರೆ ಗಿರಾಕಿ ಮಾಲು ಕೆಟ್ಟಿದೆ ಅಂದುಕೊಂಡಾನು ಅಂತಲೋ ಏನೋ, ಕಂಪನಿಯವರು ಎರಡನೆಯದನ್ನೇ ಇಟ್ಟು ಕಳಿಸಿದ್ದರು. ಲೆಕ್ಕ ಹಾಕಿ ನೋಡಿರಿ. ಅಡ್ಡ ಹಿಡಿದು ತೆಗೆದ ಮೊಬೈಲ್ ಫೋಟೊದಲ್ಲಿ ಎತ್ತರದ ಆರನೇ ಒಂದು ಪಾಲು ಹೋಗುತ್ತದೆ, ಅದು ನಡೆದೀತು. ಚೌಕ ಫೋಟೊದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಗುತ್ತದೆ. ಮೊಬೈಲನ್ನು ಉದ್ದಕ್ಕೆ ಹಿಡಿದು ತೆಗೆದದ್ದಾದರೆ ಅರ್ಧಕ್ಕಿಂತ ಹೆಚ್ಚು. ನಮ್ಮ ಮಂದಿ ಮೊಬೈಲ್ ಹಿಡಿಯುವುದು ಉದ್ದಕ್ಕೇ ಅಲ್ಲವೇ!

ಆಲಮಟ್ಟಿಯಲ್ಲಿ ಅಣೆಕಟ್ಟು ಏರಿ, ಅದರ ಹಿನ್ನೀರು ಘಟಪ್ರಭೆಯ ಗುಂಟ ಊರೊಳಗೆ ಬರುವುದು ಖಾತ್ರಿಯಾದ ಮೇಲೆ ಹಳೆ ಬಾಗಲಕೋಟೆಯ ಎಷ್ಟೋ ಮಂದಿ ನನ್ನನ್ನು ಮನೆಗೆ ಕರೆಸಿಕೊಂಡು ಫೋಟೊ ತೆಗೆಸಿದರು. ಸ್ಟುಡಿಯೊದಲ್ಲಿ ಹಿಂದೆ ಪರದೆ ಕಟ್ಟಿ ತೆಗೆಯುವ ಫೋಟೊ ಅವರಿಗೆ ಬೇಡ. ತೊಲೆಬಾಗಿಲ ಮುಂದೆ ಅಜ್ಜ, ಅಜ್ಜಿ, ಮಕ್ಕಳು, ಸೊಸೆಯಂದಿರು, ಕೂಸು ಕುನ್ನಿ ಎಲ್ಲ ನಿಲ್ಲಬೇಕು. ಒಬ್ಬ ಯಜಮಾನರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಮಂದಿ ಸಣ್ಣಗ ಬಂದ್ರೂ ಚಿಂತಿಲ್ರಿ, ಬಾಗಲಾ ಮಾತ್ರ ಪೂರ್ತಿ ಬರಬೇಕು." ಅವರ ಮಾತಿನಂತೆ ನಾನು ಓಣಿಯ ಎದುರು ಗೋಡೆಗೆ ಬೆನ್ನು ಹಚ್ಚಿ ನಿಂತು, ಮೇಲೆ ಗಣಪತಿ ಕೆತ್ತಿದ ಪಟ್ಟಿ, ಕೆಳಗೆ ಅರಿಶಿನ ಹಚ್ಚಿದ ಹೊಸ್ತಿಲು ಎರಡೂ ಬರುವಂತೆ ತೆಗೆದಿದ್ದೆ. ಅದೇ ಫೋಟೊ ಈ ಫ್ರೇಮಿನಲ್ಲಿ ಬಂದಾಗ ಗಣಪತಿಯೂ ಇಲ್ಲ, ಹೊಸ್ತಿಲೂ ಇಲ್ಲ. ಹಣೆಯಿಂದ ಮೊಳಕಾಲವರೆಗೆ ಒಂದು ಸಾಲು ಮನುಷ್ಯರು. ಹಿಂದೆ ಅರ್ಧ ಕಾಣುವ ಕಟ್ಟಿಗೆಯ ಕದ ಯಾರ ಮನೆಯದೂ ಆಗಬಹುದು.

ಇದಕ್ಕೆ ಮದ್ದಿದೆ, ಆದರೆ ಹುಡುಕಬೇಕು. ಸೆಟ್ಟಿಂಗ್ಸ್ ಒಳಗೆ ಡಿಸ್‌ಪ್ಲೇ, ಅದರೊಳಗೆ ಸ್ಲೈಡ್‌ಶೋ, ಅದರೊಳಗೆ 'ಫಿಲ್' ಅಂತ ಇರುವುದನ್ನು 'ಫಿಟ್' ಮಾಡಿದರೆ ಫೋಟೊ ಇಡಿಯಾಗಿ ಬರುತ್ತದೆ. ಪಕ್ಕದ ಖಾಲಿ ಜಾಗದಲ್ಲಿ ಅದೇ ಫೋಟೊವನ್ನು ಮಸುಕು ಮಾಡಿ ತುಂಬುವ ಇನ್ನೊಂದು ಹಿಕಮತ್ತೂ ಇದೆ. ಮೊಮ್ಮಗಳಿಗೆ ಅದು ಚೆಂದ, ನನಗೆ ಕಣ್ಣುರಿ. ಕಪ್ಪು ಪಟ್ಟಿಯೇ ವಾಸಿ. ಮೆನು ಪೂರ್ತಿ ಇಂಗ್ಲಿಷು. ಭಾಷೆ ಆರಿಸುವ ಪಟ್ಟಿಯಲ್ಲಿ ಯುರೋಪಿನ ಅರ್ಧ ಭಾಷೆಗಳಿವೆ, ಕನ್ನಡ ಇಲ್ಲ.

ಚಿತ್ರದ ಗುಣಮಟ್ಟದ ಬಗ್ಗೆ ಜಾಸ್ತಿ ದೂರುವುದಿಲ್ಲ. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೊ ಅಂದರೆ 1 ಕೋಟಿ 20 ಲಕ್ಷ ಚುಕ್ಕಿ. ಈ ಪರದೆ ತೋರಿಸುವುದು 10 ಲಕ್ಷ ಚಿಲ್ಲರೆ. ಒಳ್ಳೆಯ 4ಕ್ಕೆ 6ರ ಪ್ರಿಂಟಿನಲ್ಲಿ ಇಂಚಿಗೆ 300 ಚುಕ್ಕಿ ಬಿದ್ದರೆ ಇಲ್ಲಿ ಹೆಚ್ಚೂ ಕಡಿಮೆ 150. ಆದರೂ ಮೂರು ಮಾರು ದೂರ ಕೂತು ನೋಡುವವರಿಗೆ ಅದು ಗೊತ್ತಾಗುವುದಿಲ್ಲ. ಕಪ್ಪು ಬಿಳುಪಿನ ಫೋಟೊ ಮಾತ್ರ ನೀಲಿ ತಿರುಗಿದ್ದವು. ಬಣ್ಣದ ಸೆಟ್ಟಿಂಗನ್ನು 'ವಾರ್ಮ್' ಕಡೆ ಒಂದೆರಡು ಮನೆ ಸರಿಸಿ, ಬೆಳಕನ್ನು ಅರ್ಧಕ್ಕಿಂತ ಕೆಳಗಿಳಿಸಿದ ಮೇಲೆ ನಮ್ಮ ಹಳೆ ಪೇಪರಿನ ಕಪ್ಪು ತಕ್ಕಮಟ್ಟಿಗೆ ಬಂತು. ಅಂಗಡಿಯಲ್ಲಿ ಕಣ್ಣು ಕುಕ್ಕುವಷ್ಟು ಬೆಳಕು ಇಟ್ಟಿರುತ್ತಾರೆ. ಮನೆಯಲ್ಲಿ ರಾತ್ರಿ ಹೊತ್ತು ಅಷ್ಟು ಬೆಳಕಿನಲ್ಲಿ ಯಾರ ಮುಖವೂ ಚೆಂದ ಕಾಣುವುದಿಲ್ಲ. ಇನ್ನೊಂದು ಮಾತು, ಪರದೆ 'ಐಪಿಎಸ್', ಅಂದರೆ ಓರೆಯಿಂದ ನೋಡಿದರೂ ಚಿತ್ರ ಕೆಡದ ಬಗೆಯದು, ಹೌದೋ ಅಲ್ಲವೋ ಕೇಳಿರಿ. ಅಗ್ಗದ ಪರದೆಗಳನ್ನು ಓರೆಯಿಂದ ನೋಡಿದರೆ ಕಪ್ಪೆಲ್ಲ ಬೂದಿಯಾಗುತ್ತದೆ, ಮನೆಯಲ್ಲಿ ಎಲ್ಲರೂ ನೇರ ಎದುರಿಗೇ ಕೂಡ್ರಲಿಕ್ಕೆ ಅದೇನು ಸಿನಿಮಾ ಥಿಯೇಟರ್ ಅಲ್ಲ.

ನನ್ನ ದೊಡ್ಡ ತಕರಾರು ವೇಗದ್ದು. ಹತ್ತು ಸೆಕೆಂಡಿಗೊಂದು ಫೋಟೊ ಬದಲಾಗುವಂತೆ ಇಟ್ಟು ಕಳಿಸಿದ್ದಾರೆ. ಹರಾಜಿನವರು ಒಂದರ ಮೇಲೊಂದು ಮಾಲು ಎತ್ತಿ ತೋರಿಸಿದಂತೆ ಆಗುತ್ತದೆ. ಒಂದು ಸಂಜೆ, ಹಳೆ ಊರಿನಲ್ಲಿ ನಮ್ಮ ಓಣಿಯವರೇ ಆದ ಒಬ್ಬ ಅಜ್ಜಿ ಮಜ್ಜಿಗೆ ತಂಬಿಗೆ ಹಿಂದಿರುಗಿಸಲು ಬಂದಿದ್ದರು. ಫ್ರೇಮಿನಲ್ಲಿ ಹೋಳಿಯ ಫೋಟೊ ಬಂತು. ನಮ್ಮೂರ ಹೋಳಿ ಗೊತ್ತಿದ್ದವರಿಗೆ ಗೊತ್ತು: ಹಲಿಗೆ ಬಾರಿಸುತ್ತ ಮಂದಿ, ಎತ್ತಿನ ಬಂಡಿ, ಬಂಡಿಯ ಮೇಲೆ ಬಣ್ಣ ತುಂಬಿದ ಬ್ಯಾರಲ್, ಅದರ ಮೇಲೆ ಹತ್ತಿ ನಿಂತ ಹುಡುಗರು. ಅಜ್ಜಿ ತಂಬಿಗೆ ಕೈಯಲ್ಲೇ ಹಿಡಿದುಕೊಂಡು ಹತ್ತಿರ ಹೋದರು. ಅವರು ಹುಡುಗರನ್ನಾಗಲಿ ಎತ್ತನ್ನಾಗಲಿ ನೋಡಲಿಲ್ಲ. ಬಂಡಿಯ ಹಿಂದಿನ ಮಾಳಿಗೆಯ ಮೇಲೆ ಸೀರೆ ಸೆರಗಿನಿಂದ ಮುಖ ಮರೆಮಾಡಿಕೊಂಡು ನಿಂತ ಹೆಂಗಸರ ಗುಂಪಿನ ಮೇಲೆ ಬೆರಳಿಟ್ಟರು. ಅಷ್ಟರಲ್ಲಿ ಫೋಟೊ ಹೋಗಿ ಮೊಮ್ಮಗಳ ಶಾಲೆಯ ಸ್ಪೋರ್ಟ್ಸ್ ಡೇ ಬಂತು.

"ಅಯ್ಯ, ಹೋತಲ್ರೀ! ಹಿಂದ ತರ್ರಿ ಅದನ್ನ."

ಹಿಂದೆ ತರಲಿಕ್ಕೆ ಫ್ರೇಮಿನ ಮೇಲೆ ಗುಂಡಿ ಇಲ್ಲ. ಮೊಬೈಲ್ ಆ್ಯಪ್ ತೆರೆಯಬೇಕು. ಮೊಬೈಲು ಹೆಂಡತಿಯ ಕೈಯಲ್ಲಿತ್ತು, ಆಕೆ ಮಾತಾಡುತ್ತಿದ್ದಳು. ಆ್ಯಪ್ ತೆರೆದಾಗ ಅದು ಪಾಸ್‌ವರ್ಡ್ ಕೇಳಿತು. ಅಜ್ಜಿ ಅಲ್ಲೇ ನೆಲಕ್ಕೆ ಕೂತು, ಅದು ತಾನಾಗಿಯೇ ಇನ್ನೊಂದು ಸುತ್ತು ಬರಲಿ ಅಂತ ಕಾದರು. ಸಾವಿರಾರು ಫೋಟೊ ತುಂಬಿದ್ದರಿಂದ ಆ ಸುತ್ತು ಅವತ್ತು ಬರಲೇ ಇಲ್ಲ. ಮರುದಿನ ನಾನು ಅದರ ಪ್ರಿಂಟ್ ಹಾಕಿಸಿ ಅವರ ಮನೆಗೇ ಕೊಟ್ಟು ಬಂದೆ. ಮಾಳಿಗೆಯ ಮೇಲೆ ಎಡದಿಂದ ಮೂರನೆಯವರು ಅವರ ಅತ್ತಿಗೆಯಂತೆ. ಅವರದು ಇನ್ನೊಂದು ಫೋಟೊ ಮನೆಯಲ್ಲಿಲ್ಲವಂತೆ.

ಈಗ ನಮ್ಮ ಫ್ರೇಮು ದಿನಕ್ಕೊಂದೇ ಫೋಟೊ ತೋರಿಸುತ್ತದೆ. ಹಾಗೆ ಮಾಡುವ ಸೌಲಭ್ಯ ಇದರಲ್ಲಿದೆ, ಎಲ್ಲದರಲ್ಲೂ ಇರುವುದಿಲ್ಲ; ಕೇಳಿ ಕೊಳ್ಳಿರಿ. ಹಾಗೆಯೇ ಸಾವಿರಾರು ಫೋಟೊ ತೆಗೆದುಹಾಕಿ ಆಯ್ದ ಇನ್ನೂರರಷ್ಟು ಮಾತ್ರ ಇಟ್ಟಿದ್ದೇನೆ. ಮಗನಿಗೆ ಇದು ಹುಚ್ಚಾಟ ಅನ್ನಿಸಿದೆ. 'ಇದಕ್ಕ ಡಿಜಿಟಲ್ ಫ್ರೇಮ್ ಯಾಕ ಬೇಕಿತ್ತಪ್ಪಾ, ಕ್ಯಾಲೆಂಡರ್ ಸಾಕಾಗಿತ್ತು' ಅಂತ ಫೋನಿನಲ್ಲಿ ನಕ್ಕ. ನಗಲಿ. ಒಂದು ಫೋಟೊ ಬೆಳಗಿನಿಂದ ರಾತ್ರಿವರೆಗೆ ಎದುರಿಗಿದ್ದರೆ ಬಂದು ಹೋಗುವವರು ಅದರ ಬಗ್ಗೆ ಏನಾದರೂ ಹೇಳುತ್ತಾರೆ: ಆ ಅಂಗಡಿ ಯಾರದು, ಆ ಗಿಡ ಯಾವಾಗ ಕಡಿದರು ಅಂತ. ಅದನ್ನೆಲ್ಲ ಒಂದು ನೋಟಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ.

ಬರೆದಿಡುವುದು ಯಾಕೆ ಅಂದರೆ ಫ್ರೇಮಿನಲ್ಲಿ ಅದಕ್ಕೆ ಜಾಗವಿಲ್ಲ. ಫೋಟೊದ ಕೆಳಗೆ ಹೆಸರು ಬರೆಯಬಹುದು, ಆದರೆ ಕನ್ನಡದಲ್ಲಿ ಬರೆದರೆ ಅಕ್ಷರದ ಬದಲು ಸಾಲಾಗಿ ಖಾಲಿ ಡಬ್ಬಿಗಳು ಮೂಡುತ್ತವೆ. ಫೈಲಿಗೆ ಕನ್ನಡ ಹೆಸರಿಟ್ಟರೂ ಅದೇ ಗತಿ. ಐದು ರೂಪಾಯಿಯ ಪೆನ್ನಿನಿಂದ ಪ್ರಿಂಟಿನ ಬೆನ್ನಿಗೆ ಬರೆಯಬಹುದಾದದ್ದನ್ನು ಇಷ್ಟೆಲ್ಲ ಸಾವಿರ ಕೊಟ್ಟ ಯಂತ್ರ ಮಾಡಲಾರದು ಎಂದರೆ ಏನನ್ನಬೇಕು? ಇದೇ ಕಾಲದ ಸಾದಾ ಮೊಬೈಲಿನಲ್ಲಿ ಕನ್ನಡ ಸಲೀಸಾಗಿ ಬರುತ್ತಿರುವಾಗ ಇದು ಆಗದ ಕೆಲಸವೇನಲ್ಲ. ಮಾಡುವ ಮನಸ್ಸಿಲ್ಲ, ಅಷ್ಟೆ.

ತಾರೀಖಿನ ಗೊಂದಲ ಇನ್ನೊಂದು. ಡಿಜಿಟಲ್ ಕ್ಯಾಮೆರಾ ಪ್ರತಿ ಫೋಟೊದ ಒಳಗೆ ತೆಗೆದ ದಿನ, ಸಮಯ, ಕ್ಯಾಮೆರಾವನ್ನು ಅಡ್ಡ ಹಿಡಿದದ್ದೋ ಉದ್ದ ಹಿಡಿದದ್ದೋ ಎಂಬುದನ್ನೆಲ್ಲ ಗುಟ್ಟಾಗಿ ಬರೆದಿಟ್ಟಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಆ ಬರಹ ಅಳಿಸಿಹೋಗುತ್ತದೆ, ಫೋಟೊವೂ ಸಣ್ಣದಾಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಮೂಲ ಫೈಲು ಇದ್ದ ಹಾಗೇ ಬರುತ್ತದೆ. ಇದು ಸಣ್ಣ ಗುಟ್ಟು, ಎಲ್ಲರಿಗೂ ತಿಳಿದಿರಲಿ. ನಾನು ಹಳೆ ನೆಗೆಟಿವ್‌ನಿಂದ ಮಾಡಿಕೊಂಡ ಚಿತ್ರಗಳಿಗಂತೂ ಮಾಡಿಕೊಂಡ ದಿನವೇ ಹುಟ್ಟಿದ ದಿನ. ಹೀಗಾಗಿ ಯಂತ್ರದ ಲೆಕ್ಕದಲ್ಲಿ ನನ್ನ ಅಪ್ಪ ಅವ್ವನ ಮದುವೆ ನನ್ನ ಮೊಮ್ಮಗಳ ಜವಳದ ಆಮೇಲೆ ಆಗಿದೆ. ತಾರೀಖಿನ ಪ್ರಕಾರ ಜೋಡಿಸು ಅನ್ನುವುದನ್ನು ಬಿಟ್ಟು ಹೆಸರಿನ ಪ್ರಕಾರ ಜೋಡಿಸು ಎಂದು ಆರಿಸಿ, ಪ್ರತಿ ಫೈಲಿನ ಹೆಸರಿನ ಮೊದಲಿಗೆ ಇಸವಿ ಬರೆದ ಮೇಲೆ ಸಂಸಾರ ಒಂದು ಹಳಿಗೆ ಬಂತು. ಐಫೋನ್ ಇದ್ದವರಿಗೆ ಇನ್ನೊಂದು ತೊಡಕು. 2017ರಿಂದೀಚೆಗೆ ಅದರ ಫೋಟೊಗಳು 'ಹೈಕ್' ಎಂಬ ಬೇರೆ ನಮೂನೆಯಲ್ಲಿ ಬರುತ್ತವೆ, ಬಹಳಷ್ಟು ಫ್ರೇಮುಗಳಿಗೆ ಅದು ಓದಲಿಕ್ಕೆ ಬರುವುದಿಲ್ಲ. ಎಲ್ಲೆಡೆ ನಡೆಯುವ ಜೆಪೆಗ್ ನಮೂನೆಗೆ ಬದಲಿಸಿಯೇ ಹಾಕಬೇಕು. ಮೆಮೊರಿ ಕಾರ್ಡ್ ಕೂಡ 32 ಜಿಬಿಯೊಳಗಿನದಾದರೆ ತಂಟೆ ಕಡಿಮೆ. ಅದಕ್ಕಿಂತ ದೊಡ್ಡ ಕಾರ್ಡುಗಳು ಬೇರೆ ಬಗೆಯಲ್ಲಿ ಫಾರ್ಮ್ಯಾಟ್ ಆಗಿರುತ್ತವೆ, ಅಗ್ಗದ ಫ್ರೇಮು 'ಕಾರ್ಡೇ ಇಲ್ಲ' ಅಂದುಬಿಡುತ್ತದೆ.

ಕಾರ್ಡಿನ ಮಾತು ಬಂದದ್ದರಿಂದ ಮುಖ್ಯವಾದದ್ದಕ್ಕೆ ಬರುತ್ತೇನೆ. ಮಗ ಪುಣೆಯಲ್ಲಿ ಕೂತು ಕಳಿಸಿದ ಫೋಟೊ ಇಲ್ಲಿ ನಮ್ಮ ಪಡಸಾಲೆಯಲ್ಲಿ ಬರುತ್ತದೆ. ಇದು ನಿಜವಾಗಿಯೂ ಸಂತೋಷದ ಸಂಗತಿ. ನನ್ನ ಹೆಂಡತಿಗೆ ಮೊಬೈಲಿನ ಸಣ್ಣ ಪರದೆ ಕಾಣುವುದಿಲ್ಲ, ಮೊಮ್ಮಗಳ ಹೊಸ ಲಂಗವನ್ನು ಆಕೆ ಮೊದಲು ನೋಡಿದ್ದು ಇದರಲ್ಲೇ. ಆದರೆ ಆ ಫೋಟೊ ಪುಣೆಯಿಂದ ಬಾಗಲಕೋಟೆಗೆ ನೇರ ಬರುವುದಿಲ್ಲ. ಮೊದಲು ಕಂಪನಿಯ ಸರ್ವರಿಗೆ ಹೋಗಿ ಅಲ್ಲಿಂದ ಬರುತ್ತದೆ. ಆ ಕಂಪನಿ ನಾಳೆ ಅಂಗಡಿ ಮುಚ್ಚಿದರೆ? ಇಲ್ಲವೇ ಇಷ್ಟು ವರ್ಷ ಪುಕ್ಕಟೆ, ಇನ್ನು ಮೇಲೆ ತಿಂಗಳಿಗೆ ಇಷ್ಟು ಅಂದರೆ? ದೊಡ್ಡವರೇ ಮಾತು ಬದಲಿಸಿದ್ದಾರೆ. ಗೂಗಲ್ ಫೋಟೋಸ್ 2015ರಲ್ಲಿ ಶುರುವಾದಾಗ ತುಸು ಕುಗ್ಗಿಸಿದ ಫೋಟೊ ಎಷ್ಟು ಬೇಕಾದರೂ ಪುಕ್ಕಟೆ ಇಡಬಹುದಿತ್ತು. 2021ರ ಜೂನ್ 1ರಿಂದ ಹೊಸದಾಗಿ ಹಾಕಿದ್ದೆಲ್ಲವೂ ಪುಕ್ಕಟೆ ಸಿಗುವ 15 ಜಿಬಿಯ ಲೆಕ್ಕಕ್ಕೆ ಬಂತು. ಕಾರ್ಡ್ ಹಾಕಲು ಸಂದಿಯೇ ಇಲ್ಲದ, ಬರೇ ಆ್ಯಪ್‌ನಿಂದಲೇ ನಡೆಯುವ ಫ್ರೇಮುಗಳೂ ಮಾರಾಟಕ್ಕಿವೆ. ಅಂಥದ್ದನ್ನು ದಯವಿಟ್ಟು ಕೊಳ್ಳಬೇಡಿರಿ. ನಮ್ಮದರಲ್ಲಿ ಕಾರ್ಡಿನ ಸಂದಿ ಇದೆ. ಆದರೂ ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದಾಗ ಅದು ಮೊದಲು ವೈಫೈ ಹುಡುಕುತ್ತದೆ, ವೈಫೈ ಡಬ್ಬಿಯೂ ಆಗಷ್ಟೇ ಎದ್ದಿರುತ್ತದೆ, ಇದಕ್ಕೆ ಅದು ಸಿಗುವುದಿಲ್ಲ. ತಾರೀಖು ಯಾವುದೋ ಹಳೆ ವರ್ಷದ ಜನವರಿ 1ಕ್ಕೆ ಹೋಗಿ ನಿಲ್ಲುತ್ತದೆ. ರಾತ್ರಿ ಹತ್ತಕ್ಕೆ ಆರಬೇಕಾದ ಪರದೆ ನಡುರಾತ್ರಿ ಝಗ್ ಅಂತ ಹೊತ್ತಿಕೊಳ್ಳುತ್ತದೆ. ಕಂಪನಿಗೆ ಬರೆದೆ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಸರಿಹೋಗುತ್ತದೆ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂದಿದೆ.

ಡಿಜಿಟಲ್ ಫೋಟೊವನ್ನು ಪ್ರಿಂಟಿಲ್ಲದೆ ನೋಡುವುದು ಇವತ್ತಿನ ಆಸೆಯೇನಲ್ಲ. 1975ರಲ್ಲಿ ಅಮೆರಿಕದ ಕೊಡ್ಯಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊಟ್ಟಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದಾಗ ಅದರಲ್ಲಿ ಪೇಪರೂ ಇರಲಿಲ್ಲ, ಫಿಲ್ಮೂ ಇರಲಿಲ್ಲ. ಅಡ್ಡಕ್ಕೆ ನೂರು, ಉದ್ದಕ್ಕೆ ನೂರು, ಒಟ್ಟು 10,000 ಚುಕ್ಕಿಯ ಕಪ್ಪು ಬಿಳುಪು ಚಿತ್ರ. ಹಾಡು ಕೇಳುವಂಥ ಕ್ಯಾಸೆಟ್ಟಿನ ಮೇಲೆ ಒಂದು ಚಿತ್ರ ಬರೆಯಲಿಕ್ಕೆ 23 ಸೆಕೆಂಡು. ನೋಡಲಿಕ್ಕೆ ಕ್ಯಾಸೆಟ್ಟನ್ನು ಇನ್ನೊಂದು ಯಂತ್ರಕ್ಕೆ ಹಾಕಿ ಟಿವಿಗೆ ಜೋಡಿಸಬೇಕಿತ್ತು. ಅಂದರೆ ಡಿಜಿಟಲ್ ಫೋಟೊ ಹುಟ್ಟಿದ್ದೇ ಟಿವಿಯಲ್ಲಿ. ಅದೇ ಕಂಪನಿ 1992ರಲ್ಲಿ ಫೋಟೊ ಸಿಡಿ ಅಂತ ಮಾರುಕಟ್ಟೆಗೆ ತಂತು. ರೋಲು ಲ್ಯಾಬಿಗೆ ಕೊಟ್ಟರೆ ನೂರರಷ್ಟು ಫೋಟೊಗಳನ್ನು ಡಿಸ್ಕಿಗೆ ಹಾಕಿ ಕೊಡುತ್ತಿದ್ದರು, ಅದಕ್ಕೆಂದೇ ಪ್ಲೇಯರು ಬೇರೆ. ಆ ಡಿಸ್ಕಿನ ಲಿಪಿಯೇ ಬೇರೆ, ಇವತ್ತಿನ ಸಾಮಾನ್ಯ ಕಂಪ್ಯೂಟರಿಗೆ ಸರಿಯಾಗಿ ಓದಲಿಕ್ಕೆ ಬಾರದು. 2012ರ ಜನವರಿಯಲ್ಲಿ ಕೊಡ್ಯಾಕ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ನನ್ನ ಕಪಾಟಿನಲ್ಲಿ ಆ ಸಿಡಿಗಿಂತ ಎಷ್ಟೋ ಹಳೆಯದಾದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನವರ 'ಇಂದು' ಫಿಲ್ಮಿನ ನೆಗೆಟಿವ್‌ಗಳಿವೆ. ಕಿಟಕಿಗೆ ಅಡ್ಡ ಹಿಡಿದರೆ ಈಗಲೂ ಕಾಣುತ್ತವೆ. ಅವಕ್ಕೂ ಸಾವು ಬಂದಿದೆ, ಇಲ್ಲವೆನ್ನುವುದಿಲ್ಲ. ಕೆಲವು ಡಬ್ಬಿ ತೆಗೆದರೆ ವಿನೆಗರ್ ವಾಸನೆ ಬರುತ್ತದೆ. ಫಿಲ್ಮಿನ ತಳದ ಅಸಿಟೇಟ್ ಪ್ಲಾಸ್ಟಿಕ್ ಕೊಳೆಯಲು ಶುರುವಾದರೆ ಹಾಗೆ ಆಗುತ್ತದೆ, ಒಮ್ಮೆ ಹತ್ತಿದ ಹುಳಿ ಪಕ್ಕದ ರೋಲಿಗೂ ಹತ್ತುತ್ತದೆ. ವಾಸನೆ ಬಂದದ್ದನ್ನು ಬೇರೆ ಇಟ್ಟು ಅದನ್ನೇ ಮೊದಲು ಕಾಪಿ ಮಾಡಿಕೊಳ್ಳಬೇಕು.

ಈ ಕೆಲಸಕ್ಕೆ ಫ್ರೇಮು ಒದಗಿದ್ದು ಹೇಗೆ ಎಂದು ಹೇಳಿದರೆ ಅದನ್ನು ಮಾಡಿದವರಿಗೇ ಆಶ್ಚರ್ಯವಾದೀತು. ಏನೂ ಇಲ್ಲದ ಬರೇ ಬಿಳಿಯ ಒಂದು ಚಿತ್ರವನ್ನು ಕಾರ್ಡಿಗೆ ಹಾಕಿ, ಅದನ್ನೇ ಫ್ರೇಮಿನಲ್ಲಿ ನಿಲ್ಲಿಸಿ, ಫ್ರೇಮನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದೆ. ಬೆಳಕು ಪೂರ್ತಿ ಏರಿಸಿದೆ. ನಾಲ್ಕು ಮೂಲೆಗೆ ನಾಲ್ಕು ಕಡ್ಡಿಪೆಟ್ಟಿಗೆ, ಅದರ ಮೇಲೆ ಹಳೆ ಫೋಟೊ ಕಟ್ಟಿನ ಗಾಜು, ಗಾಜಿನ ಮೇಲೆ ನೆಗೆಟಿವ್. ನಡುವೆ ಆ ಅಂತರ ಬೇಕೇ ಬೇಕು. ನೆಗೆಟಿವನ್ನು ಪರದೆಗೇ ಅಂಟಿಸಿದರೆ ಪರದೆಯ ಚುಕ್ಕಿಗಳೂ ಫೋಟೊದಲ್ಲಿ ಮೂಡುತ್ತವೆ. ಕೋಣೆಯ ದೀಪ ಆರಿಸಿ, ಮೇಲಿನಿಂದ ಮೊಬೈಲನ್ನು ನೇರ ಹಿಡಿದು ಫೋಟೊ ತೆಗೆದು, ಮೊಬೈಲಿನಲ್ಲೇ ಕಪ್ಪು ಬಿಳುಪು ಅದಲು ಬದಲು ಮಾಡಿದರೆ ಮುಗಿಯಿತು. ಮೊದಲ ಸಲ ಹಾಗೆ ಅದಲು ಬದಲು ಮಾಡಿದಾಗ ವಲ್ಲಭಭಾಯಿ ಚೌಕದಲ್ಲಿ ತೆಗೆದಿದ್ದ ಒಂದು ಮೆರವಣಿಗೆಯ ಮುಖಗಳು ಫಕ್ಕನೆ ಎದ್ದು ಬಂದವು. ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಡೆವಲಪರ್ ತಟ್ಟೆಯೊಳಗೆ ಪೇಪರ್ ಅಲ್ಲಾಡಿಸುತ್ತ ಕಾದದ್ದಕ್ಕಿಂತ ಕಡಿಮೆ ಹೊತ್ತಿನಲ್ಲಿ, ಪ್ರಿಂಟ್ ಅದ್ದುವ ಹೈಪೊ ದ್ರಾವಣದ ವಾಸನೆಯಿಲ್ಲದೆ! ಇದು ಕಪ್ಪು ಬಿಳುಪಿಗೆ ಮಾತ್ರ ಸಲೀಸು. ಬಣ್ಣದ ನೆಗೆಟಿವ್‌ಗೆ ಕಿತ್ತಳೆ ಛಾಯೆಯ ತಳ ಇರುವುದರಿಂದ ಬರೇ ಅದಲು ಬದಲು ಮಾಡಿದರೆ ಮುಖಗಳು ನೀಲಿಯಾಗುತ್ತವೆ. ಅದಕ್ಕೆ ತಿಳಿದವರ ಕೈ ಬೇಕು. ಮನೆಯಲ್ಲಿ ನೆಗೆಟಿವ್ ಇಟ್ಟುಕೊಂಡವರು ಅವನ್ನು ಎಸೆಯಬೇಡಿರಿ. ಪ್ರಿಂಟಿಗಿಂತ ಅದರಲ್ಲಿ ಹೆಚ್ಚು ವಿವರ ಇರುತ್ತದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರಿಗೆ ಏರಿಸುವ ಮಾತು ನಡೆದಿರುವಾಗ, ಹಿನ್ನೀರಿನ ಅಂಚಿನ ಊರಿನವರಿಗೂ ಒಬ್ಬ ಹಳೆ ಫೋಟೊಗ್ರಾಫರನದೊಂದು ಮಾತು: ಮನೆಯ ಫೋಟೊ ತೆಗೆಯುವಾಗ ನಾಲ್ಕು ಹೆಜ್ಜೆ ಹಿಂದೆ ಸರಿದು ತೆಗೆಯಿರಿ. ಸುತ್ತ ಜಾಗ ಬಿಟ್ಟಿದ್ದರೆ ಯಾವ ಯಂತ್ರ ಎಷ್ಟು ಕತ್ತರಿಸಿದರೂ ಮನೆ ಉಳಿಯುತ್ತದೆ.

ಇಷ್ಟೆಲ್ಲ ಖರ್ಚು ಬೇಡ ಅನ್ನುವವರು ಮೊದಲು ಮನೆಯಲ್ಲಿರುವ ಟಿವಿಯ ಬೆನ್ನು ನೋಡಿರಿ. ಈಚಿನ ಟಿವಿಗಳಲ್ಲಿ ಪೆನ್‌ಡ್ರೈವ್ ಹಾಕುವ ಸಂದಿ ಇದ್ದೇ ಇರುತ್ತದೆ. ಫೋಟೊ ತುಂಬಿದ ಪೆನ್‌ಡ್ರೈವ್ ಹಾಕಿದರೆ ಇದಕ್ಕಿಂತ ದೊಡ್ಡದಾಗಿ, ಇದಕ್ಕಿಂತ ಚೊಕ್ಕಾಗಿ ಕಾಣುತ್ತದೆ. 4ಕೆ ಟಿವಿ ಇದ್ದರಂತೂ ಪರದೆಯಲ್ಲಿ 83 ಲಕ್ಷ ಚುಕ್ಕಿ. ತೊಂದರೆ ಏನೆಂದರೆ ನಮ್ಮ ಮನೆಯಲ್ಲಿ ಸಂಜೆ ಆರರಿಂದ ಹತ್ತರವರೆಗೆ ಟಿವಿ ನಮ್ಮದಲ್ಲ, ಧಾರಾವಾಹಿಯವರದು.

ಈಗ ಅಂಗಡಿಯವರಿಗೂ ಕಂಪನಿಯವರಿಗೂ ನಿಮ್ಮ ಪತ್ರಿಕೆಯ ಮೂಲಕ ನನ್ನ ವಿನಂತಿ. ಐದು ಸಾವಿರದಿಂದ ಹತ್ತು ಸಾವಿರದವರೆಗೆ ದರ ಹೇಳುವ ವಸ್ತುವಿನ ಡಬ್ಬಿಯ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿಕ್ಕೆ ಏನು ಅಡ್ಡಿ? ಆ್ಯಪ್ ಇಲ್ಲದೆ ನಡೆಯುತ್ತದೋ, ಕಾರ್ಡ್ ಎಷ್ಟು ಜಿಬಿವರೆಗೆ ಹಿಡಿಯುತ್ತದೆ, ಯಾವ ಬಗೆಯ ಫೋಟೊ ಓದುತ್ತದೆ, ಫೋಟೊಗಳು ಎಲ್ಲಿಯ ಸರ್ವರಿನಲ್ಲಿ ಇರುತ್ತವೆ ಎನ್ನುವುದಷ್ಟೇ ಸಾಕು. ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸುವುದು ತಡವಾದರೆ ಆಗಲಿ, ಕಡೇಪಕ್ಷ ಕನ್ನಡದಲ್ಲಿ ಬರೆದ ಹೆಸರು ಡಬ್ಬಿ ಡಬ್ಬಿಯಾಗದೆ ಕನ್ನಡದಲ್ಲೇ ಕಾಣಿಸಲಿ. ಫೋಟೊ ಹಿಂದೆ ಮುಂದೆ ಮಾಡಲಿಕ್ಕೆ, ತಡೆದು ನಿಲ್ಲಿಸಲಿಕ್ಕೆ ಫ್ರೇಮಿನ ಮೈಮೇಲೇ ಮೂರು ಗುಂಡಿ ಇರಲಿ. ಮನೆಯಲ್ಲಿ ಫೋಟೊ ನೋಡುವವರು ಮುದುಕರು, ಮೊಬೈಲ್ ಇರುವುದು ಹುಡುಗರ ಕೈಯಲ್ಲಿ.

ನಮ್ಮೂರ ಅಂಗಡಿಗಳಲ್ಲಿ ಡೆಮೊಗೆ ಅಂತ ಯಾವುದೋ ದೇಶದ ಹಿಮದ ಗುಡ್ಡ, ನೀಲಿ ಸಮುದ್ರ ತೋರಿಸುತ್ತಾರೆ. ಅವು ಆ ಪರದೆಯ ಅಳತೆಗೇ ಕತ್ತರಿಸಿ ತಯಾರಿಸಿದ ಚಿತ್ರಗಳು, ಅದರಲ್ಲಿ ಎಂಥ ಫ್ರೇಮೂ ಚೆಂದವೇ. ಕೊಳ್ಳುವವರು ತಮ್ಮ ಕಾರ್ಡಿನಲ್ಲಿ ಒಂದು ಉದ್ದ ಫೋಟೊ, ಒಂದು ಗ್ರೂಪ್ ಫೋಟೊ, ಒಂದು ಹಳೆ ಕಪ್ಪು ಬಿಳುಪು ಫೋಟೊ, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದೊಂದು ಹಾಕಿಕೊಂಡು ಹೋಗಿರಿ. ಅಂಗಡಿಯ ವೈಫೈ ಆರಿಸಿ ಹಾಕಿ ತೋರಿಸಿ ಅನ್ನಿರಿ. ಒಮ್ಮೆ ಪ್ಲಗ್ ಕಿತ್ತು ಮತ್ತೆ ಹಚ್ಚಿಸಿರಿ. ಸೀಲ್ ಒಡೆಯಲಿಕ್ಕೆ ಬರುವುದಿಲ್ಲ ಅಂದರೆ ಡೆಮೊಗೆ ಇಟ್ಟ ಪೀಸಿನಲ್ಲಾದರೂ ತೋರಿಸಲೇಬೇಕು. ಅದಕ್ಕೂ ಒಲ್ಲೆ ಅಂದರೆ ಆ ಅಂಗಡಿ ಬಿಟ್ಟು ಬೇರೆ ಅಂಗಡಿ ನೋಡಿರಿ.

— ನಿವೃತ್ತ ಫೋಟೊಗ್ರಾಫರ್, ನವನಗರ, ಬಾಗಲಕೋಟೆ